ಋತುಬಂಧ ಕಾಲದ ಬಿಸಿ ಅಲೆ: ಬಿಸಿಲಿನ ಉಷ್ಣವೆಂದು ಕಡೆಗಣಿಸದಿರಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಜನರಿಗೆ ಬಿಸಿಲು ಹೊಸತಲ್ಲ. ಆದುದರಿಂದಲೇ ನಲವತ್ತೈದರ ಆಸುಪಾಸಿನ ಮಹಿಳೆಯರು ಮೈಯಲ್ಲಿ ಏಕಾಏಕಿ ಕಾವೇರಿದಾಗ ‘ಬಿಸಿಲಿನ ಉಷ್ಣ’ವೆಂದು ಸುಮ್ಮನಾಗುವುದುಂಟು. ಆದರೆ ಅದೇ ಕಾವು ಚಳಿಗಾಲದ ನಡುರಾತ್ರಿಯಲ್ಲಿಯೂ ಬರುವುದಾದರೆ ಕಾರಣ ಹೊರಗಿನ ಬಿಸಿಲಲ್ಲ. ಅದು ಋತುಬಂಧ ಕಾಲದ ಬಿಸಿ ಅಲೆಯಾಗಿರಬಹುದು.

ಇದು ಏಕೆ ಉಂಟಾಗುತ್ತದೆ?

ಸತತ 12 ತಿಂಗಳು ಮುಟ್ಟು ಬಾರದಿದ್ದರೆ ಋತುಬಂಧವಾಯಿತೆಂದು ತಿಳಿಯಲಾಗುತ್ತದೆ. ನಮ್ಮ ದೇಶದಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46–47. ಈ ಅವಧಿಯಲ್ಲಿ ಅಂಡಾಶಯಗಳು ಸ್ರವಿಸುವ ಈಸ್ಟ್ರೋಜನ್ ಹಾರ್ಮೋನು ತಗ್ಗುತ್ತದೆ. ಆಗ ದೇಹದ ಉಷ್ಣತೆಯನ್ನು ಕಾಯುವ ಮೆದುಳಿನ ಭಾಗವು ಅತಿಸೂಕ್ಷ್ಮವಾಗಿ, ಅಲ್ಪ ಶಾಖವನ್ನೂ ಹೆಚ್ಚೆಂದು ಭಾವಿಸಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಎದೆಯಿಂದ ಕುತ್ತಿಗೆ, ಮುಖಗಳಿಗೆ ಕಾವೇರಿ, ಬೆವರೊಡೆದು, ಕೆಲವೊಮ್ಮೆ ಎದೆ ಬಡಿತ ಹೆಚ್ಚಿ, ಕೆಲವೇ ನಿಮಿಷಗಳಲ್ಲಿ ಶಮನವಾಗುತ್ತದೆ. ಬಳಿಕ ಚಳಿಯೆನಿಸುವುದೂ ಉಂಟು. ಇದು ರೋಗವಲ್ಲ. ಆದರೆ ಹಲವರಲ್ಲಿ ವರ್ಷಗಳ ಕಾಲ ಮುಂದುವರಿದು ನಿದ್ರೆಯನ್ನು ಕೆಡಿಸುತ್ತದೆ.

ಶಾಖಾಘಾತದಿಂದ ಬೇರ್ಪಡಿಸಿ ತಿಳಿಯಿರಿ

ಬಿಸಿಲಿನಲ್ಲಿ ದುಡಿಯುವಾಗ ತಲೆಸುತ್ತು, ವಾಂತಿ, ತೊದಲು ಮಾತು ಅಥವಾ ಪ್ರಜ್ಞೆ ಮಂಕಾಗುವುದು ಕಂಡುಬಂದು, ಮೈ ಸುಡುತ್ತಿದ್ದರೆ ಅದು ಬಿಸಿ ಅಲೆಯಲ್ಲ. ಕೂಡಲೇ ನೆರಳಿಗೆ ಕರೆದೊಯ್ದು, ಮೈಮೇಲೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಬೇಕು. ಹೊಲದಲ್ಲಿಯೂ ಉದ್ಯೋಗ ಖಾತರಿ ಕಾಮಗಾರಿಯ ಸ್ಥಳದಲ್ಲಿಯೂ ಕುಡಿಯುವ ನೀರು ಮತ್ತು ನೆರಳು ಇರಲೇಬೇಕು.

ಮನೆಯಲ್ಲಿ ಕೈಗೊಳ್ಳಬಹುದಾದ ಕ್ರಮಗಳು

• ಸಡಿಲವಾದ ಹತ್ತಿ ಬಟ್ಟೆ ಧರಿಸಿ. ರಾತ್ರಿ ಗಾಳಿಯಾಡುವ ಸ್ಥಳದಲ್ಲಿ ಮಲಗಿ, ಪಕ್ಕದಲ್ಲಿ ನೀರಿನ ತಂಬಿಗೆ ಇರಿಸಿಕೊಳ್ಳಿ.
• ಬಿಸಿ ಚಹಾ, ಖಾರದ ಮಿರ್ಚಿ ಮುಂತಾದವುಗಳಲ್ಲಿ ಯಾವುದರ ನಂತರ ಕಾವೇರುತ್ತದೆ ಎಂಬುದನ್ನು ಗಮನಿಸಿ, ಅದನ್ನು ಕಡಿಮೆ ಮಾಡಿ.
• ಎಲೆ–ಅಡಿಕೆಯೊಂದಿಗಿನ ತಂಬಾಕನ್ನು ಬಿಡಿ.
• ಮೂಳೆಗಳ ಬಲಕ್ಕಾಗಿ ರಾಗಿ, ಹಾಲು, ಮಜ್ಜಿಗೆ, ಸೊಪ್ಪುಗಳನ್ನು ಸೇವಿಸಿ, ನಿತ್ಯ ನಡೆಯಿರಿ.

ತೊಂದರೆ ಹೆಚ್ಚಿದರೆ ವೈದ್ಯರಲ್ಲಿ ಚಿಕಿತ್ಸೆಯಿದೆ. ಹಾರ್ಮೋನು ಚಿಕಿತ್ಸೆಯು ಅತ್ಯಂತ ಪರಿಣಾಮಕಾರಿಯಾದುದು. ಆದರೆ ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಅಥವಾ ಯಕೃತ್ತಿನ ಕಾಯಿಲೆ ಇದ್ದವರಿಗೆ ಸಾಮಾನ್ಯವಾಗಿ ಸಲ್ಲದು. ಅಂಥವರಿಗೆ ಹಾರ್ಮೋನುರಹಿತ ಔಷಧಗಳೂ ಇವೆ. ಔಷಧ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ.

ಗರ್ಭಕೋಶ ತೆಗೆಸುವುದು ಪರಿಹಾರವಲ್ಲ

ಬಿಸಿ ಅಲೆಗೆ ಕಾರಣ ಗರ್ಭಕೋಶವಲ್ಲ. ಶಸ್ತ್ರಚಿಕಿತ್ಸೆಯಲ್ಲಿ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧವು ಒಮ್ಮೆಗೇ ಎರಗಿ, ಕಾವು ಇನ್ನಷ್ಟು ತೀವ್ರವಾಗುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಕಳೆದ ದಶಕದಲ್ಲಿ ಬೆಳಕಿಗೆ ಬಂದುದನ್ನು ನಾವು ಮರೆಯಬಾರದು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳುವಂತೆ ಸರ್ವೋಚ್ಚ ನ್ಯಾಯಾಲಯವು 2023ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ. ಯಾರಾದರೂ ‘ಚೀಲ ತೆಗೆಸಿಬಿಡಿ’ ಎಂದರೆ, ಸಹಿ ಹಾಕುವ ಮುನ್ನ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಎರಡನೆಯ ಅಭಿಪ್ರಾಯ ಪಡೆಯಿರಿ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

• ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ. ಇದು ಕ್ಯಾನ್ಸರಿನ ಸೂಚನೆಯೂ ಆಗಿರಬಹುದು.
• ರಾತ್ರಿ ಬೆವರಿನೊಂದಿಗೆ ಜ್ವರ, ಎರಡು ವಾರ ಮೀರಿದ ಕೆಮ್ಮು, ತೂಕ ಇಳಿಕೆ. ಕ್ಷಯರೋಗದ ಪರೀಕ್ಷೆ ಅಗತ್ಯ.
• ಮಧುಮೇಹಕ್ಕೆ ಔಷಧ ಪಡೆಯುವವರಲ್ಲಿ ಬೆವರಿನೊಂದಿಗೆ ನಡುಕ, ಹಸಿವು. ಸಕ್ಕರೆ ಕುಸಿದಿರಬಹುದು, ಪ್ರಜ್ಞೆಯಿದ್ದರೆ ಕೂಡಲೇ ಸಕ್ಕರೆ ನೀರು ಕೊಡಿ.
• 40 ವರ್ಷಕ್ಕೆ ಮುನ್ನವೇ ಮುಟ್ಟು ನಿಂತರೆ.

ಆಶಾ ಕಾರ್ಯಕರ್ತೆಯರು ಮನೆ ಭೇಟಿಯಲ್ಲಿ ಮತ್ತು ಸ್ವಸಹಾಯ ಸಂಘಗಳು ತಮ್ಮ ಸಭೆಯಲ್ಲಿ ಈ ಮಾಹಿತಿಯನ್ನು ಓದಿ ಹೇಳಬೇಕಾಗಿ ಕೋರಿದೆ. ಮನೆಯವರು, ವಿಶೇಷವಾಗಿ ಪತಿ ಮತ್ತು ಮಕ್ಕಳು, ಈ ಕಾಲದ ಸಿಡುಕು, ದಣಿವುಗಳನ್ನು ದೂರದೆ ಕೆಲಸ ಹಂಚಿಕೊಳ್ಳಬೇಕು. ಸಲಹೆಗಾಗಿ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಿ ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ. ಇದು ಹೇಳಲು ನಾಚುವ ವಿಷಯವಲ್ಲ, ಹೇಳಿದರೆ ಪರಿಹಾರವುಂಟು.