ಮದ್ದಿಗೂ ಬೇಕು ಶುದ್ಧಿ

1922ರ ಜನವರಿ 11. ಕೆನಡಾ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಬಾಲಕನು ಮಧುಮೇಹದಿಂದ ಎಲುಬುಗೂಡಾಗಿ ಮಲಗಿದ್ದನು. ಅಂದಿನ ವೈದ್ಯರು ಬಲ್ಲ ಚಿಕಿತ್ಸೆಯೆಂದರೆ ಅರೆಹೊಟ್ಟೆಯ ಪಥ್ಯವೊಂದೇ. ಅದು ಸಾವನ್ನು ಮುಂದೂಡುತ್ತಿತ್ತು, ತಡೆಯುತ್ತಿರಲಿಲ್ಲ. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದಿದ್ದ ಸಾರವನ್ನು ಅವನಿಗೆ ಚುಚ್ಚಲಾಯಿತು. ರಕ್ತದ ಸಕ್ಕರೆ ಕೊಂಚ ಇಳಿಯಿತು. ಆದರೆ ಚುಚ್ಚಿದೆಡೆಯಲ್ಲಿ ಬಾವು ಎದ್ದಿತು. ಚಿಕಿತ್ಸೆ ನಿಂತಿತು.

ಮದ್ದು ಸುಳ್ಳಾಗಿರಲಿಲ್ಲ, ಅದರೊಡನೆ ಬೆರೆತಿದ್ದ ಕಶ್ಮಲವೇ ಶತ್ರುವಾಗಿತ್ತು. ಜೀವರಸಾಯನ ಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಸಾರಕ್ಕೆ ಮದ್ಯಸಾರವನ್ನು ಹಂತಹಂತವಾಗಿ ಬೆರೆಸಿ ನೋಡಿದನು. ಬೇಡದ ಪ್ರೋಟೀನುಗಳು ಮೊದಲು ತಳಕ್ಕಿಳಿದುವು. ಮದ್ಯಸಾರವು ನೂರಕ್ಕೆ ತೊಂಬತ್ತರ ಮೇರೆಯನ್ನು ದಾಟಿದಾಗ ಇನ್ಸುಲಿನ್ ಬೇರ್ಪಟ್ಟಿತು. ಜನವರಿ 23ರಂದು ಈ ಶುದ್ಧತರ ಸಾರವನ್ನು ಕೊಟ್ಟಾಗ ಸಕ್ಕರೆ ಒಂದೇ ದಿನದಲ್ಲಿ 520ರಿಂದ 120 ಮಿಲಿಗ್ರಾಮಿಗೆ ಇಳಿಯಿತು. ಬಾಲಕನು ಮುಂದೆ ಹದಿಮೂರು ವರ್ಷ ಬದುಕಿದನು.

ಇನ್ಸುಲಿನ್ 51 ಅಮೈನೋ ಆಮ್ಲಗಳಿಂದಾದುದು. ಈ ಆಮ್ಲಗಳನ್ನು ಮಣಿಗಳಂತೆ ಕ್ರಮದಿಂದ ಪೋಣಿಸಿದ ಸರಗಳಿಗೆ ಪೆಪ್ಟೈಡುಗಳೆಂದು ಹೆಸರು. ಇವನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಲು 1963ರಲ್ಲಿ ಅಮೆರಿಕದ ಮೆರಿಫೀಲ್ಡ್ ಹೊಸ ಉಪಾಯವೊಂದನ್ನು ಪ್ರಕಟಿಸಿದನು: ಸರದ ತುದಿಯನ್ನು ರಾಳದ ಕಣಕ್ಕೆ ಬಿಗಿದು, ಮಣಿಯೊಂದು ಸೇರಿದಾಗಲೆಲ್ಲ ಉಳಿಕೆಯನ್ನು ತೊಳೆದುಬಿಡುವುದು. ಆದರೂ ಪ್ರತಿ ಹಂತವೂ ನೂರಕ್ಕೆ 99ರಷ್ಟು ಫಲಿಸಿದರೆ, 50 ಹಂತಗಳ ಕೊನೆಗೆ ನೂರರಲ್ಲಿ ಸುಮಾರು 60 ಸರಗಳು ಮಾತ್ರ ನಿರ್ದುಷ್ಟ. ಉಳಿದವು ಮಣಿ ತಪ್ಪಿದವು. ಅವನ್ನು ಬೇರ್ಪಡಿಸಿ ತೆಗೆಯದೆ ಮದ್ದು ರೋಗಿಯ ಮೈಯನ್ನು ಸೇರಕೂಡದು.