ಅಡಿಕೆ ಮರದಿಂದ ಬಿದ್ದಾಗ: ಮೂಳೆ ಮುರಿತದ ನಾಲ್ಕು ತಪ್ಪು ಕಲ್ಪನೆ

ನರಿಕೊಂಬು ಬಂಟ್ವಾಳ ತಾಲ್ಲೂಕಿನ ನೇತ್ರಾವತಿ ದಡದ ಊರು. ಮಳೆಗಾಲ ಬಂತೆಂದರೆ ಈ ಸೀಮೆಯ ತೋಟಗಳಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ. ಪಾಚಿಗಟ್ಟಿದ ಅಡಿಕೆ ಮರ, ಹತ್ತಲು ಕಾಲಿಗೆ ಹಾಕುವ ಒದ್ದೆ ತಳೆ; ಕಾಲು ಜಾರಿದರೆ ನೇರ ನೆಲಕ್ಕೆ. ಬಿದ್ದವರ ಬಗ್ಗೆ ಹೇಳುವ ಕೆಲವು ತಪ್ಪು ಮಾತುಗಳು ತೋಟದಲ್ಲಿ ಹುಟ್ಟಿದಂಥವು. ಇನ್ನು ಕೆಲವನ್ನು ಎಲುಬು ಶಸ್ತ್ರಚಿಕಿತ್ಸೆ ಕಲಿಯುವ ಪಿಜಿ ವೈದ್ಯರೂ ನಂಬಿರುತ್ತಾರೆ.

ನಂಬಿಕೆ: ಬೆರಳು ಆಡುತ್ತಿದ್ದರೆ ಮೂಳೆ ಮುರಿದಿಲ್ಲ.

ಸತ್ಯ: ಬೆರಳು ಮಡಚುವ ಮುಖ್ಯ ಸ್ನಾಯುಗಳಿರುವುದು ಮುಂಗೈಯಲ್ಲಿ. ಮಣಿಕಟ್ಟು ಮುರಿದರೂ ಬೆರಳು ಆಡಬಹುದು. ಅಲ್ಲಿನ ಸ್ಕಾಫಾಯ್ಡ್ ಎಂಬ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲೂ ತಪ್ಪಿಹೋಗಬಹುದು. ಹೆಬ್ಬೆರಳ ಬುಡದ ಗುಳಿಯನ್ನು ಒತ್ತಿದಾಗ ನೋವಿದ್ದರೆ ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೆ ಎಕ್ಸ್‌ರೇ ತೆಗೆಯುವುದು ವಾಡಿಕೆ.

ನಂಬಿಕೆ: ಪೆಟ್ಟು ಹಿಮ್ಮಡಿಗೆ ಮಾತ್ರ.

ಸತ್ಯ: ಕಾಲೂರಿ ಬಿದ್ದಾಗ ಹೊಡೆತ ಬೆನ್ನುಮೂಳೆಯವರೆಗೆ ಏರುತ್ತದೆ. ಹಿಮ್ಮಡಿ ಮೂಳೆ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಬೆನ್ನುಮೂಳೆಯೂ ಮುರಿದಿರುತ್ತದೆ. ಹೀಗೆ ಬಿದ್ದವರನ್ನು ಎತ್ತಿ ಕೂರಿಸಿ ಆಟೋ ಹತ್ತಿಸಬಾರದು. ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ನಂಬಿಕೆ: ನಾಡಿ ಸಿಗುತ್ತಿದೆ, ಕಾಲಿಗೆ ಅಪಾಯವಿಲ್ಲ.

ಸತ್ಯ: ಮೊಣಕಾಲ ಕೆಳಗಿನ ಸ್ನಾಯುಗಳನ್ನು ಹಿಗ್ಗದ ಪೊರೆಗಳು ಸುತ್ತುವರಿದಿವೆ. ಮುರಿತದಿಂದ ಒಳಗೆ ರಕ್ತ ತುಂಬಿ ಊದಿಕೊಂಡರೆ ಸೂಕ್ಷ್ಮ ರಕ್ತನಾಳಗಳು ಒತ್ತಡಕ್ಕೆ ಸಿಕ್ಕಿ ಮುಚ್ಚಿಕೊಳ್ಳುತ್ತವೆ. ದೊಡ್ಡ ಅಪಧಮನಿ ಮಾತ್ರ ಬಡಿಯುತ್ತಲೇ ಇರುತ್ತದೆ. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಸುಮಾರು ಆರು ಗಂಟೆ ಕಳೆದರೆ ಸ್ನಾಯು ಮತ್ತೆ ಚೇತರಿಸಿಕೊಳ್ಳದಷ್ಟು ಹಾಳಾಗಬಹುದು. ನಾಡಿ ನಿಲ್ಲುವುದು ತೀರಾ ಕೊನೆಗೆ. ವೈದ್ಯರು ಗಮನಿಸಬೇಕಾದದ್ದು ಪೆಟ್ಟಿಗೆ ಮೀರಿದ ನೋವನ್ನು, ಕಾಲ್ಬೆರಳನ್ನು ಹಿಡಿದು ಚಾಚಿದಾಗ ಉಲ್ಬಣಿಸುವ ನೋವನ್ನು.

ಚರ್ಮ ಹರಿದಿದ್ದರೆ ಒತ್ತಡ ತಾನಾಗಿ ಇಳಿಯುತ್ತದೆ ಎನ್ನುವುದೂ ತಪ್ಪು. ಬಿಗಿಯಾದ ಕಟ್ಟಂತೂ ಅಪಾಯವನ್ನು ಹೆಚ್ಚಿಸುತ್ತದೆ. ಬಿಗಿ ಬ್ಯಾಂಡೇಜಿನಿಂದ ಕೈಬೆರಳು ಶಾಶ್ವತವಾಗಿ ಮುದುರಿಕೊಳ್ಳುವುದನ್ನು ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಮೊದಲು ಕಟ್ಟನ್ನು ಪೂರ್ತಿ ಬಿಚ್ಚಬೇಕು. ಆಮೇಲೂ ನೋವು ತಗ್ಗದಿದ್ದರೆ ಪೊರೆ ಸೀಳುವ ತುರ್ತು ಶಸ್ತ್ರಚಿಕಿತ್ಸೆಯೇ ದಾರಿ.

ನಂಬಿಕೆ: ಮೂಳೆ ಹೊರಬಂದ ಗಾಯಕ್ಕೆ ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಸೋಂಕು ಖಚಿತ.

ಸತ್ಯ: ಈ ಗಡುವಿನ ಬೇರು ಇರುವುದು ಪಾಲ್ ಫ್ರೀಡ್ರಿಖ್ 1898ರಲ್ಲಿ ಗಿನಿಪಿಗ್‌ಗಳ ಮೇಲೆ ನಡೆಸಿದ ಪ್ರಯೋಗದಲ್ಲಿ. ಆಗ ಆಂಟಿಬಯೊಟಿಕ್ ಇರಲೇ ಇಲ್ಲ. ಬ್ರಿಟನ್ನಿನ ಈಗಿನ ಮಾರ್ಗಸೂಚಿಯಲ್ಲಿ ಮೊದಲ ಆಂಟಿಬಯೊಟಿಕ್‌ಗೆ 1 ಗಂಟೆ, ಜೋರು ಪೆಟ್ಟಿನ ಗಾಯ ತೊಳೆಯುವ ಆಪರೇಷನ್‌ಗೆ 12 ಗಂಟೆ, ಉಳಿದವಕ್ಕೆ 24 ಗಂಟೆ. ಸಗಣಿ, ಗೊಬ್ಬರ ಹೊಕ್ಕ ತೋಟದ ಗಾಯಕ್ಕೆ ಈ ವಿನಾಯಿತಿ ಇಲ್ಲ, ತಡಮಾಡದೆ ತೊಳೆಯಬೇಕು. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ ಬಂಟ್ವಾಳದಿಂದ ಸುಮಾರು 25 ಕಿ.ಮೀ. ಆಂಟಿಬಯೊಟಿಕ್‌ನ ಮೊದಲ ಡೋಸ್ ಮತ್ತು ಟೆಟನಸ್ ಚುಚ್ಚುಮದ್ದಿಗೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ; ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು ಕಳಿಸಬಹುದು.