ಬಹಿಷ್ಕಾರಕ್ಕೊಳಗಾದ ಚರಿತ್ರಕಾರ

ಇಗ್ನಾಟ್ಸ್ ಫಾನ್ ಡೋಲಿಂಗರ್ ಎಂದರೆ ಪೋಪ್‌ಗೆ ತಿರುಗಿಬಿದ್ದ ಪಾದ್ರಿ ಎಂದೇ ಹಲವರ ಲೆಕ್ಕ. ಅವರ ಕೆಲಸದ ರೀತಿ ನೋಡಿದರೆ ತಿರುಗಿದ್ದು ಅವರಲ್ಲ, ಸುತ್ತಲಿನ ಗಾಳಿ ಅನ್ನಿಸುತ್ತದೆ. 1826ರಿಂದ ಮ್ಯೂನಿಕ್‌ನಲ್ಲಿ ಧರ್ಮಸಭೆಯ ಚರಿತ್ರೆ ಪಾಠ ಹೇಳುತ್ತಿದ್ದ ಇವರು, 1840ರ ದಶಕದಲ್ಲಿ ಲೂಥರನ ಸುಧಾರಣೆಯನ್ನು ಟೀಕಿಸಿ ಮೂರು ಸಂಪುಟ ಬರೆದಾಗಲೂ ನೆಚ್ಚಿದ್ದು ಹಳೆಯ ದಾಖಲೆಗಳನ್ನೇ. ಆಗ ಕಥೋಲಿಕರಿಗೆ ಆ ವಿಧಾನ ಹಿತವಾಗಿತ್ತು. 1870ರಲ್ಲಿ ಮೊದಲ ವ್ಯಾಟಿಕನ್ ಮಹಾಸಭೆ, ಪೋಪ್ ಪರಮಾಧಿಕಾರದಿಂದ ಸಾರುವ ಧರ್ಮಬೋಧೆಯಲ್ಲಿ ತಪ್ಪು ಬರದು ಎಂದು ಘೋಷಿಸಿತು. ಡೋಲಿಂಗರ್ ಮತ್ತೆ ದಾಖಲೆಗಳನ್ನೇ ಮುಂದಿಟ್ಟರು: 681ರಲ್ಲಿ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಪೋಪ್ ಹೊನೋರಿಯಸರನ್ನೇ ಖಂಡಿಸಿತ್ತಲ್ಲ? 9ನೇ ಶತಮಾನದ ನಕಲಿ ಆಜ್ಞಾಪತ್ರಗಳು ಪೋಪ್ ಅಧಿಕಾರಕ್ಕೆ ಆಸರೆಯಾಗಿದ್ದವಲ್ಲ?

ಖಂಡನೆಗೆ ಗುರಿಯಾದ ಹೊನೋರಿಯಸರ ಪತ್ರ ಅಂಥ ಅಧಿಕೃತ ಘೋಷಣೆಯೇ ಅಲ್ಲ ಎಂಬುದು ಎದುರಾಳಿಗಳ ಉತ್ತರ, ಅದರಲ್ಲಿ ಹುರುಳಿದೆ. ಬೋಧೆ ಕಾಲಕ್ರಮದಲ್ಲಿ ಬೆಳೆಯುತ್ತದೆ ಎಂದಿದ್ದ ಇಂಗ್ಲೆಂಡಿನ ಕಥೋಲಿಕ ಚಿಂತಕ ನ್ಯೂಮನ್ ಮಹಾಸಭೆಯ ನಿರ್ಣಯವನ್ನು ಒಪ್ಪಿಕೊಂಡರು. ಆದರೆ ಈ ನಿರ್ಣಯ ಕ್ರೈಸ್ತ ವಿಶ್ವಾಸದ ಆರಂಭದಿಂದಲೂ ಬಂದ ಸಂಪ್ರದಾಯವೆಂದು ಮಹಾಸಭೆಯೇ ಹೇಳಿತ್ತು. ಹಾಗೆಂದ ಮೇಲೆ ಚರಿತ್ರಕಾರ ಸಾಕ್ಷಿ ಕೇಳುವುದು ಉದ್ಧಟತನವಲ್ಲ. 1871ರ ಏಪ್ರಿಲ್‌ನಲ್ಲಿ ಡೋಲಿಂಗರ್ ಮೇಲೆ ಬಹಿಷ್ಕಾರ ಬಿತ್ತು. ನಿರ್ಣಯವನ್ನು ಒಪ್ಪದೆ ಪ್ರತ್ಯೇಕ ಸಭೆ ಕಟ್ಟಿಕೊಂಡ ‘ಹಳೆ ಕಥೋಲಿಕ’ರ ಮೇಲೆ ಸಹಾನುಭೂತಿಯಿದ್ದರೂ ಡೋಲಿಂಗರ್ ವಿಧಿವತ್ತಾಗಿ ಆ ಸಭೆಯನ್ನು ಸೇರಲಿಲ್ಲ. ಬಹಿಷ್ಕಾರವನ್ನು ಮನ್ನಿಸಿ ಬಲಿಪೂಜೆ ಅರ್ಪಿಸುವುದನ್ನೂ ನಿಲ್ಲಿಸಿದರು. ಬಂಡಾಯಗಾರ ಹೀಗೆ ನಡೆದುಕೊಳ್ಳುತ್ತಾನೆಯೇ? 1890ರ ಜನವರಿಯಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡಾಗಲೂ ಬಹಿಷ್ಕಾರ ಹಾಗೆಯೇ ಇತ್ತು.